ವರ್ಸೈ ಅರಮನೆಯಲ್ಲಿ ಪೊರ್ಬುಗಳ ಕಾಲು

ಫ್ರಾನ್ಸ್ ದೇಶದ ಅರಮನೆಗಳನ್ನೂ, ನಾವು ಇಗರ್ಜಿ ಎನ್ನುವ ಚರ್ಚುಗಳನ್ನೂ ಕಣ್ಣಾರೆ ನೋಡಿ ಬಂದವನು ನಾನು. ಈ ಮಾತನ್ನು ಕಾಪುವಿನ ಪೇಟೆಯಲ್ಲಿ ಎಲ್ಲಿ ಬೇಕಾದರೂ ನಿಂತು ಎದೆ ತಟ್ಟಿ ಹೇಳುತ್ತೇನೆ. ಆದರೆ ಯಾರಾದರೂ "ಹೇಗಿತ್ತು ರಾಯರೇ, ಸ್ವಲ್ಪ ವಿವರವಾಗಿ ಹೇಳಿ" ಎಂದರೆ ಮಾತ್ರ ತಕ್ಷಣ ಸೆಕೆಯ ವಿಷಯ ತೆಗೆಯುತ್ತೇನೆ. ಇಷ್ಟು ವರ್ಷ ಹಾಗೆ ತಪ್ಪಿಸಿಕೊಂಡದ್ದಾಯಿತು. ಇವತ್ತು ಎಲ್ಲವನ್ನೂ ಬರೆದುಬಿಡುತ್ತೇನೆ. ಬರೆದ ಮೇಲೆ ನನ್ನ ಮಾನ ಉಳಿಯುವ ಸಂಭವ ಕಡಿಮೆ!

ಎಂಬತ್ತರ ದಶಕದ ಆರಂಭದ ಕಥೆ ಇದು. ನಾನು ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಬೈಂಡಿಂಗ್ ವಿಭಾಗದ ಮೇಲ್ವಿಚಾರಕನಾಗಿದ್ದೆ. ಪುಸ್ತಕ ಹೊಲಿಯುವ ಹೊಸ ಯಂತ್ರವೊಂದನ್ನು ಫ್ರಾನ್ಸಿನಿಂದ ತರಿಸುವುದೆಂದು ತೀರ್ಮಾನವಾಯಿತು. ಅದನ್ನು ನಡೆಸಲು ಕಲಿಯುವುದಕ್ಕೆ ಪ್ಯಾರಿಸ್ಸಿನ ಹತ್ತಿರದ ಕಾರ್ಖಾನೆಗೆ ಒಬ್ಬನನ್ನು ಎರಡು ವಾರ ಕಳಿಸಬೇಕಿತ್ತು. ಇಬ್ಬರ ಹೆಸರು ಚರ್ಚೆಗೆ ಬಂತು. ಇನ್ನೊಬ್ಬರಿಗೆ ವಿಮಾನವೆಂದರೆ ಭಯ. ಹೀಗೆ ಕೇವಲ ಪ್ರತಿಭೆಯ ಆಧಾರದ ಮೇಲೆ ನಾನು ಆಯ್ಕೆಯಾದೆ!

ನಮ್ಮ ಪಕ್ಕದ ಮನೆ ಲಾಜರ್ ಪೊರ್ಬುಗಳದು. ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಪೊರ್ಬುಗಳೆಂದೂ ಹೆಂಗಸರನ್ನು ಬಾಯಮ್ಮ ಎಂದೂ ಗೌರವದಿಂದ ಕರೆಯುವುದು. ಪೊರ್ಬುಗಳು ಏಣಿ ಹತ್ತಿ ಮಾಡಿನ ಹಂಚು ಸರಿಪಡಿಸುತ್ತಿದ್ದಾಗ ಜಾರಿ ಬಿದ್ದು ಬಲಗಾಲು ಮುರಿದುಕೊಂಡಿದ್ದರು. ಸೊಂಟದಿಂದ ಹಿಮ್ಮಡಿಯವರೆಗೆ ಪ್ಲಾಸ್ಟರ್. ಡಾಕ್ಟರು ಬಿಚ್ಚುವ ದಿನವನ್ನು ಗೊತ್ತು ಮಾಡಿ, "ಮೂಳೆ ಕೂಡಿದ್ದರೆ ನಡೆಯಬಹುದು. ಇಲ್ಲದಿದ್ದರೆ ಒಳಗೆ ರಾಡ್ ಹಾಕಬೇಕು. ಆಮೇಲೆ ಹೇಗೋ ಹೇಳಲಿಕ್ಕಾಗುವುದಿಲ್ಲ" ಎಂದಿದ್ದರು. ದಿನಕ್ಕೆರಡು ಸಲ ಸಮುದ್ರದ ಕಡೆ ನಡೆದು ಹೋಗಿ ಮೀನಿನ ಯೋಗಕ್ಷೇಮ ವಿಚಾರಿಸಿ ಬರುತ್ತಿದ್ದ ಮನುಷ್ಯ ಅವರು. ಈಗ ಜಗಲಿಯ ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲಿಟ್ಟು, ನಾನು ಕೆಲಸಕ್ಕೆ ಹೊರಟಾಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ರಾಯರೇ, ನಾನು ಇನ್ನು ನಡೆಯುತ್ತೇನೆ ಅಂತ ನಿಮಗೆ ಕಾಣ್ತದಾ?"

'ಖಂಡಿತ' ಎಂದು ಹೇಳಿ, ಬಸ್ಸು ತಪ್ಪುವ ನೆಪದಲ್ಲಿ ಬೇಗ ಬೇಗ ಹೊರಡುತ್ತಿದ್ದೆ. ಇಪ್ಪತ್ತು ವರ್ಷದ ನೆರೆಮನೆ. ಬೇಲಿಯ ಮೇಲಿಂದ ಮಾತಾಡುತ್ತಲೇ ನಾವಿಬ್ಬರೂ ತಲೆ ನರೆಸಿಕೊಂಡವರು.

ಪೊರ್ಬುಗಳ ಹೆಂಡತಿ ಬಾಯಮ್ಮ ಹರಕೆ ಹೇಳಿಕೊಂಡಿದ್ದರು. ಕಾರ್ಕಳದ ಕಡೆಯ ಇಗರ್ಜಿಯೊಂದಕ್ಕೆ ನಮ್ಮಲ್ಲಿ ಜಾತಿ ನೋಡದೆ ಎಲ್ಲರೂ ಹರಕೆ ಹೊರುತ್ತಾರೆ. ಯಾವ ಅಂಗಕ್ಕೆ ತೊಂದರೆಯೋ ಅದೇ ಉದ್ದದ ಮೇಣದಬತ್ತಿ ಉರಿಸುವುದು ಕ್ರಮ. ಕೈಗೆ ಕೈಯುದ್ದ, ಕಾಲಿಗೆ ಕಾಲುದ್ದ. ಪೊರ್ಬುಗಳ ಕಾಲಿನಷ್ಟೇ ಉದ್ದದ ಬತ್ತಿ ಮಾಡಿಸಿ, ಪ್ಲಾಸ್ಟರ್ ಬಿಚ್ಚುವ ಮೊದಲು ಉರಿಸುವುದಾಗಿ ಬಾಯಮ್ಮನ ಹರಕೆ. ಈ ವಿಷಯ ಅವರ ಜಗಲಿಯಲ್ಲಿ ಮಾತಿಗೆ ಬಂದಾಗ ನಾನು ಸುಮ್ಮನೆ ಕೂರಬೇಕಿತ್ತು. ಕೂರಲಿಲ್ಲ.

"ಕಾರ್ಕಳ ಎಂತಕ್ಕೆ ಬಾಯಮ್ಮ? ನಾನು ಪ್ಯಾರಿಸ್ಸಿಗೆ ಹೋಗುವವ ಅಲ್ವಾ? ಅಲ್ಲಿ ಎಂಟುನೂರು ವರ್ಷ ಹಳೆಯ ಇಗರ್ಜಿ ಉಂಟು. ಅಲ್ಲಿಯೇ ಉರಿಸಿ ಬರ್ತೇನೆ. ಪೊರ್ಬುಗಳು ನಡೆಯುವುದು ಬಿಡಿ, ಓಡ್ತಾರೆ!"

"ಬೇಡ ರಾಯರೇ, ನಿಮಗೆ ಸುಮ್ಮನೆ ಕಷ್ಟ. ಕಾರ್ಕಳಕ್ಕೆ ಬಸ್ಸು ಉಂಟಲ್ಲ" ಎಂದರು ಬಾಯಮ್ಮ.

"ಕಷ್ಟ ಎಂತದ್ದು ಬಾಯಮ್ಮ! ಇದು ನನ್ನ ಜವಾಬ್ದಾರಿ!"

ನನ್ನ ಹೆಂಡತಿ ಶಾರದೆ ಹಿಂದಿನಿಂದ ಚಿವುಟಿದಳು. ಚಿವುಟಿದ್ದನ್ನು ನಾನು ಪ್ರೋತ್ಸಾಹವೆಂದು ತಿಳಿದೆ.

ನಾನು ಬೈಂಡಿಂಗ್ ಮಾಡುವವನು. ಅಳತೆಯಲ್ಲಿ ಒಂದು ನೂಲು ಆಚೀಚೆ ಆದರೆ ನನಗೆ ನಿದ್ದೆ ಬರುವುದಿಲ್ಲ. ಟೇಪು ತಂದು ಪೊರ್ಬುಗಳ ಕಾಲನ್ನು ಮೂರು ಸಲ ಅಳೆದೆ. ಮೂವತ್ತೈದು ಇಂಚು. ಬೆಳ್ಮಣ್ಣಿನ ಒಬ್ಬರು ಕಬ್ಬಿಣದ ಪೈಪಿನಲ್ಲಿ ಮೇಣ ಹೊಯ್ದು ಅದೇ ಅಳತೆಗೆ, ಹೆಬ್ಬೆರಳಿಗಿಂತ ದಪ್ಪದ ಬತ್ತಿ ಮಾಡಿಕೊಟ್ಟರು. ಬೆಳ್ಳಗೆ, ನೆಟ್ಟಗೆ, ಬಹಳ ಚಂದ ಇತ್ತು. ಪೊರ್ಬುಗಳ ಅಸಲು ಕಾಲು ಕೂಡ ಅಷ್ಟು ಚಂದ ಇರಲಿಲ್ಲ.

ಮನೆಗೆ ತಂದ ಮೇಲೆ ಮೊದಲ ಸಮಸ್ಯೆ ಎದುರಾಯಿತು.

"ಸೂಟ್‌ಕೇಸು ಇಪ್ಪತ್ತೇಳು ಇಂಚು ಮಾರಾಯ್ರೇ" ಎಂದಳು ಶಾರದೆ. "ಎರಡು ತುಂಡು ಮಾಡಿ ಇಡುವ."

"ಶಾರದಾ! ಅದು ಪೊರ್ಬುಗಳ ಕಾಲು!"

"ನಿಮಗೆ ಮಂಡೆ ಸಮ ಉಂಟಾ? ಉದ್ದದ್ದನ್ನು ಹೆಗಲ ಮೇಲೆ ಹೊತ್ತುಕೊಂಡು ವಿಮಾನ ಹತ್ತುತ್ತೀರಾ?"

ಹಾಗೆಯೇ ಹತ್ತಿದೆ. ನಮ್ಮ ಮುದ್ರಣಾಲಯದಲ್ಲಿ ಕಾಗದದ ರೋಲು ಮುಗಿದ ಮೇಲೆ ಒಳಗಿನ ಗಟ್ಟಿ ರಟ್ಟಿನ ಕೊಳವೆ ಉಳಿಯುತ್ತದೆ. ಅದರೊಳಗೆ ಬತ್ತಿಯನ್ನು ತೂರಿಸಿ, ಎರಡೂ ಬಾಯಿಗೆ ಬಟ್ಟೆ ತುರುಕಿ, ದಾರ ಕಟ್ಟಿ ಬಂದೂಕಿನಂತೆ ಹೆಗಲಿಗೇರಿಸಿಕೊಂಡು ಹೊರಟೆ. ಮುಂಬೈ ಬಸ್ಸಿನ ಕಂಡಕ್ಟರು ಅದನ್ನು ಮಾಡಿನ ಮೇಲೆ ಹಾಕಿಸಿದರು. ಮುಂಬೈ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ಕೊಳವೆಯನ್ನು ತಟ್ಟಿ ನೋಡಿದರು.

"ಇದೇನು?"

"ಕಾಲು."

"ಯಾರದು?"

"ಪಕ್ಕದ ಮನೆಯವರದು."

ಅವರು ಕುರ್ಚಿಯಿಂದ ಎದ್ದರು. ಇನ್ನಿಬ್ಬರು ಓಡಿ ಬಂದರು. "ಮೇಣದ್ದು! ಮೇಣದ್ದು!" ಎಂದು ನಾನು ಕೂಗಿಕೊಂಡೆ. ಕೊಳವೆ ಬಿಚ್ಚಿಸಿ ನೋಡಿದ ಮೇಲೆ ಅವರಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಒಂದು ಹಗಲಿಡೀ ಬಸ್ಸಿನ ಮಾಡಿನ ಮೇಲೆ ಬಿಸಿಲಿಗೆ ಬೆಂದ ಕೊಳವೆಯೊಳಗೆ ಪೊರ್ಬುಗಳ ಕಾಲು ಸ್ವಲ್ಪ ಬಾಗಿತ್ತು.

ಪ್ಯಾರಿಸ್ಸಿನಲ್ಲಿ ವಾರವಿಡೀ ಕಾರ್ಖಾನೆ. ಭಾನುವಾರ ರಜೆ. ಮೊದಲ ಭಾನುವಾರ ಬೆಳಿಗ್ಗೆಯೇ ಕೊಳವೆ ಹೆಗಲಿಗೇರಿಸಿ ನೋತ್ರ್ ದಾಮ್ ಇಗರ್ಜಿಗೆ ಹೋದೆ. ಒಳಗೆ ಕಾಲಿಟ್ಟೆ. ಎಷ್ಟು ಎತ್ತರ! ಬಣ್ಣದ ಗಾಜಿನ ದುಂಡು ಕಿಟಕಿಯಿಂದ ಬೆಳಕು ಇಳಿದು ಕಂಬಗಳ ಮೇಲೆ ಕೆಂಪು ನೀಲಿಯಾಗಿ ಬಿದ್ದಿತ್ತು. ನಾನು ಕತ್ತೆತ್ತಿ ನೋಡುತ್ತಾ ಹಿಂದೆ ಹಿಂದೆ ಸರಿದೆ. ಹೆಗಲ ಮೇಲಿನ ಕೊಳವೆ ಹಿಂದಿದ್ದ ಒಬ್ಬ ಜರ್ಮನ್ ಪ್ರವಾಸಿಯ ಟೋಪಿಯನ್ನು ಹಾರಿಸಿತು. ಅವನು ಹೇಳಿದ್ದು ನನಗೆ ಅರ್ಥವಾಗಲಿಲ್ಲ. ಅರ್ಥವಾಗದ್ದು ಒಳ್ಳೆಯದೇ ಆಯಿತು.

ಮೇಣದಬತ್ತಿ ಉರಿಸುವ ಜಾಗವನ್ನು ಹುಡುಕಿ, ಕೊಳವೆಯಿಂದ ಹರಕೆಯನ್ನು ಹೊರಗೆಳೆದೆ. ಅಲ್ಲಿ ಉರಿಯುತ್ತಿದ್ದದ್ದೆಲ್ಲ ಕಿರುಬೆರಳಿನಷ್ಟು ಬತ್ತಿಗಳು. ನನ್ನದು ಮೂವತ್ತೈದು ಇಂಚು, ಅದೂ ಬಾಗಿದ್ದು. ಸುತ್ತ ಜನ ಸೇರಿತು. ನಾಲ್ಕೈದು ಮಂದಿ ನನ್ನ ಫೋಟೋ ತೆಗೆದರು. ಅಷ್ಟರಲ್ಲಿ ಅಲ್ಲಿನ ಮೇಲ್ವಿಚಾರಕರೊಬ್ಬರು ಬಂದು, ಬತ್ತಿಯನ್ನು ಮೇಲಿಂದ ಕೆಳಗೆ ನೋಡಿ, ಅತ್ಯಂತ ವಿನಯದಿಂದ ತಲೆಯಾಡಿಸಿದರು. ಅವರ ದೃಷ್ಟಿಯಲ್ಲಿ ಅದು ಮೇಣದಬತ್ತಿಯೇ ಅಲ್ಲ, ಕಟ್ಟಡ ಸಾಮಗ್ರಿ! ಕಾಲನ್ನು ಮತ್ತೆ ಕೊಳವೆಗೆ ಸೇರಿಸಿ ಹೊರಬಂದೆ.

ಕಾರ್ಖಾನೆಯಲ್ಲಿ ನನಗೆ ಕಲಿಸುತ್ತಿದ್ದ ಮಾರ್ಸೆಲ್ ಎಂಬವರಿಗೆ ಹರಕು ಮುರುಕು ಇಂಗ್ಲಿಷ್ ಬರುತ್ತಿತ್ತು. ನನ್ನ ಸಂಕಟ ಕೇಳಿ ಅವರು, ವರ್ಸೈ ಊರಿನಲ್ಲಿ ತನಗೆ ಗೊತ್ತಿರುವ ಹಳೆಯ ಇಗರ್ಜಿಯೊಂದಿದೆ, ಅಲ್ಲಿನ ಮುದುಕ ಪಾದ್ರಿಗಳಿಗೆ ಹೇಳಿಡುತ್ತೇನೆ, ಮುಂದಿನ ಭಾನುವಾರ ಮಧ್ಯಾಹ್ನ ಮೂರಕ್ಕೆ ಹೋಗು ಎಂದರು. ಅದು ನನ್ನ ಕೊನೆಯ ಭಾನುವಾರ. ಮರುದಿನ ಸೋಮವಾರವೇ ಮಣಿಪಾಲದಲ್ಲಿ ಪೊರ್ಬುಗಳ ಪ್ಲಾಸ್ಟರ್ ಬಿಚ್ಚುವ ದಿನ!

ಮೂರು ಗಂಟೆಗೆ ಇಗರ್ಜಿ. ಬೆಳಿಗ್ಗೆ ಏನು ಮಾಡುವುದು? ಅದೇ ಊರಿನಲ್ಲಿ ಅರಸರ ಕಾಲದ ದೊಡ್ಡ ಅರಮನೆ ಇದೆ. ಅಷ್ಟು ದೂರ ಹೋಗಿ ಅದನ್ನು ನೋಡದೆ ಬಂದರೆ ಮುದ್ರಣಾಲಯದವರು ನನಗೆ ಉಳಿಗಾಲ ಕೊಡುತ್ತಾರೆಯೇ? ಕೊಳವೆಯೊಂದಿಗೆ ಅರಮನೆಯ ಬಾಗಿಲಿಗೆ ಹೋದೆ. ಕಾವಲಿನವರು ಕೊಳವೆಯನ್ನು ತೋರಿಸಿ, ಪಕ್ಕದ ಕೋಣೆಯಲ್ಲಿ ಇಟ್ಟುಹೋಗುವಂತೆ ಸನ್ನೆ ಮಾಡಿದರು. ನೋಡಿದರೆ ಅಲ್ಲಿ ಒದ್ದೆ ಕೊಡೆಗಳನ್ನೂ ಚೀಲಗಳನ್ನೂ ನೆಲದ ಮೇಲೆ ರಾಶಿ ಹಾಕಿದ್ದಾರೆ. ಹರಕೆಯ ವಸ್ತುವನ್ನು ಚಪ್ಪಲಿ ಓಡಾಡುವ ನೆಲದಲ್ಲಿ ಇಡುವುದೇ? ನಮ್ಮೂರಲ್ಲಿ ಹೂವಿನ ಹಾರವನ್ನು ಕೂಡ ನೆಲಕ್ಕೆ ತಾಗಿಸುವುದಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ನನ್ನ ಜೀವನದಲ್ಲಿ ನನಗೆ ಉಪಾಯ ಹೊಳೆದಾಗೆಲ್ಲ ಏನಾಗಿದೆ ಎಂಬುದನ್ನು ಶಾರದೆ ಇಂದಿಗೂ ಬೆರಳು ಮಡಚಿ ಎಣಿಸುತ್ತಾಳೆ.

ಶೌಚಾಲಯಕ್ಕೆ ಹೋಗಿ, ಬತ್ತಿಯನ್ನು ಪ್ಯಾಂಟಿನ ಬಲಗಾಲಿನೊಳಗೆ ಇಳಿಸಿದೆ. ಮೇಲಿನ ತುದಿಯನ್ನು ಬೈಂಡಿಂಗ್ ದಾರದಿಂದ ಬೆಲ್ಟಿಗೆ ಬಿಗಿದೆ. ಕೆಳಗಿನ ತುದಿ ಕಾಲುಚೀಲದೊಳಗೆ. ಮೇಲಿನಿಂದ, ಚಳಿಗೆಂದು ಊರಲ್ಲಿ ಭಾವನ ಹತ್ತಿರ ಎರವಲು ಪಡೆದಿದ್ದ ಉದ್ದ ಕೋಟು. ಪೊರ್ಬುಗಳೂ ನಾನೂ ಒಂದೇ ಎತ್ತರದವರಾದ್ದರಿಂದ ಅಳತೆ ಕರಾರುವಾಕ್ಕಾಗಿ ಕೂತಿತು. ಖಾಲಿ ಕೊಳವೆಯನ್ನು ಕಾವಲಿನವರಿಗೆ ಒಪ್ಪಿಸಿ ಗಂಭೀರವಾಗಿ ಒಳಗೆ ನಡೆದೆ. ನಡೆದೆ ಎನ್ನುವುದು ತಪ್ಪಾದೀತು. ಮೊಣಕಾಲು ಬಾಗದ ಕಾರಣ ಬಲಗಾಲನ್ನು ಎಳೆದುಕೊಂಡು ಹೋದೆ.

ಅರಮನೆ ಎಂದರೆ ಅದು ಅರಮನೆ! ಕೋಣೆಯ ನಂತರ ಕೋಣೆ, ಎಲ್ಲಿ ನೋಡಿದರೂ ಚಿನ್ನದ ಬಣ್ಣ, ಮಾಡಿನ ಒಳಮೈಯಲ್ಲೆಲ್ಲ ಮೋಡದ ಮೇಲೆ ಕೂತ ದೇವತೆಗಳ ಚಿತ್ರ. ಅರಸರ ಮಂಚಕ್ಕೆ ನಾಲ್ಕೂ ಕಡೆ ಜರಿಯ ಪರದೆ. ಇಷ್ಟೆಲ್ಲ ಇದ್ದರೂ ಒಂದು ಫ್ಯಾನಿಲ್ಲವಲ್ಲ ಎಂದು ನನಗೆ ಅರಸರ ಮೇಲೆ ಮರುಕವಾಯಿತು. ಆದರೆ ನಾಲ್ಕನೆಯ ಕೋಣೆ ದಾಟುವಷ್ಟರಲ್ಲಿ ನನ್ನ ಮೇಲೆಯೇ ಮರುಕ ಬರತೊಡಗಿತು. ಸೊಂಟ ನೋಯುತ್ತಿತ್ತು. ಜನ ನನ್ನ ಕಾಲು ನೋಡಿ ದಾರಿ ಬಿಡುತ್ತಿದ್ದರು. ಒಬ್ಬಾಕೆ ತನ್ನ ಗಂಡನಿಗೆ ನನ್ನನ್ನು ತೋರಿಸಿ, 'ಈ ಸ್ಥಿತಿಯಲ್ಲೂ ಬಂದಿದ್ದಾನೆ ನೋಡಿ' ಎಂಬಂತೆ ಏನೋ ಹೇಳಿದಳು.

ಕನ್ನಡಿಗಳ ಮಹಾ ಹಜಾರಕ್ಕೆ ಬಂದೆ. ಒಂದು ಕಡೆ ಉದ್ದಕ್ಕೂ ಕಿಟಕಿಗಳು, ಇನ್ನೊಂದು ಕಡೆ ಉದ್ದಕ್ಕೂ ಕನ್ನಡಿಗಳು, ಮೇಲೆ ಗಾಜಿನ ದೀಪದ ಗೊಂಚಲುಗಳು. ಒಂದೊಂದು ಕನ್ನಡಿಯಲ್ಲೂ ಒಬ್ಬೊಬ್ಬ ಕುಂಟ ರಾಯ ಕೋಟು ಹಾಕಿಕೊಂಡು ಕಾಲೆಳೆಯುತ್ತಾ ಬರುತ್ತಿದ್ದ. ಅಷ್ಟು ರಾಯರನ್ನು ಒಟ್ಟಿಗೆ ನೋಡಿದ ಅಲ್ಲಿನ ಕಾವಲಿನ ಹೆಂಗಸಿನ ಮನಸ್ಸು ಕರಗಿಹೋಯಿತು. ಆಕೆ ಎಲ್ಲಿಗೋ ಓಡಿಹೋಗಿ ಒಂದು ಗಾಲಿ ಕುರ್ಚಿಯನ್ನು ತಳ್ಳಿಕೊಂಡು ಬಂದಳು.

"ನೋ ಮದಾಂ, ನೋ! ಐ ಆಮ್ ಫೈನ್!" ಎಂದೆ.

ಆಕೆ ಕಣ್ಣಲ್ಲಿ ನೀರು ತಂದುಕೊಂಡು ನಕ್ಕಳು. ಸ್ವಾಭಿಮಾನಿ ರೋಗಿಗಳನ್ನು ಆಕೆ ಬೇಕಾದಷ್ಟು ನೋಡಿರಬೇಕು. ನನ್ನ ಎರಡೂ ಭುಜ ಹಿಡಿದು, ಅಕ್ಕರೆಯಿಂದ, ಆದರೆ ಬಲವಾಗಿ ಕುರ್ಚಿಗೆ ಒತ್ತಿ ಕೂರಿಸಿದಳು.

ಪಟಕ್!

ಹಜಾರವಿಡೀ ಕೇಳಿಸಿತು. ಸದ್ದು ಬಂದದ್ದು ನನ್ನ ಮೊಣಕಾಲಿನಿಂದ. ಆಕೆ ಚೀರಿದಳು. ತಾನೇ ರೋಗಿಯ ಕಾಲು ಮುರಿದೆನೆಂದು ಎರಡೂ ಕೈ ಬಾಯಿಗಿಟ್ಟುಕೊಂಡಳು. ಯಾರೋ ಓಡಿದರು, ಇಬ್ಬರು ಸ್ಟ್ರೆಚರ್ ಹಿಡಿದುಕೊಂಡು ಬಂದರು. ಇನ್ನು ಇವರು ಪ್ಯಾಂಟು ಕತ್ತರಿಸಿ ನೋಡಿದರೆ ನನ್ನ ಗತಿಯೇನು? ನಾನು ಕುರ್ಚಿಯಿಂದ ಜಿಗಿದೆ. ಈಗ ಮೊಣಕಾಲು ಚೆನ್ನಾಗಿ ಬಾಗುತ್ತಿತ್ತು. ಎರಡು ಹೆಜ್ಜೆ ನಡೆದೆ. ಆಮೇಲೆ ಓಡಿದೆ! ಅಲ್ಲಿದ್ದ ಒಬ್ಬ ಮುದುಕಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಅಲ್ಲಿಯೇ ಮೊಣಕಾಲೂರಿದಳು. ಆ ಅರಮನೆಯಲ್ಲಿ ಅದಕ್ಕೆ ಮೊದಲು ಪವಾಡಗಳು ನಡೆದಿದ್ದವೋ ಇಲ್ಲವೋ ನಾನರಿಯೆ.

ತೋಟದ ಒಂದು ಪೊದೆಯ ಹಿಂದೆ ನಿಂತು ಬತ್ತಿಯನ್ನು ಹೊರಗೆಳೆದೆ. ನಡುವೆ, ಸರಿಯಾಗಿ ಮೊಣಕಾಲಿನ ಜಾಗದಲ್ಲಿ ಮುರಿದಿತ್ತು. ಒಳಗಿನ ನೂಲೊಂದೇ ಎರಡು ತುಂಡುಗಳನ್ನೂ ಹಿಡಿದುಕೊಂಡಿತ್ತು. ಅಷ್ಟು ಹೊತ್ತು ಒಳಗೊಳಗೇ ಬರುತ್ತಿದ್ದ ನಗು ಈಗ ನಿಂತುಹೋಯಿತು. ನಾನು ಮೂಢನಂಬಿಕೆಯ ಮನುಷ್ಯ ಅಲ್ಲವೆಂದು ಮುದ್ರಣಾಲಯದ ಕ್ಯಾಂಟೀನಿನಲ್ಲಿ ವಾದಿಸಿದವನು. ಆದರೆ ಅಲ್ಲಿ, ಆ ಪರದೇಶದ ತೋಟದಲ್ಲಿ, ಕೈಯಲ್ಲಿ ಮುರಿದ ಕಾಲು ಹಿಡಿದುಕೊಂಡಾಗ ಆ ವಾದಗಳಲ್ಲಿ ಒಂದೂ ನೆನಪಾಗಲಿಲ್ಲ. ನಾಳೆ ಪ್ಲಾಸ್ಟರ್ ಬಿಚ್ಚುತ್ತಾರೆ. 'ನಾನು ಇನ್ನು ನಡೆಯುತ್ತೇನೆ ಅಂತ ನಿಮಗೆ ಕಾಣ್ತದಾ?'

ಅಳುವುದಕ್ಕೆ ಸಮಯವಿರಲಿಲ್ಲ. ನಾನು ಬೈಂಡರ್! ಮುರಿದದ್ದನ್ನು ಜೋಡಿಸುವುದೇ ನನ್ನ ಕಸುಬು. ಕಾರ್ಖಾನೆಯವರು ಮಾದರಿಗೆಂದು ಕೊಟ್ಟಿದ್ದ ಅಂಟಿನ ಟ್ಯೂಬು, ಪುಸ್ತಕದ ಬೆನ್ನಿಗೆ ಹಾಕುವ ತೆಳ್ಳನೆಯ ಬಟ್ಟೆಯ ಪಟ್ಟಿ ಕೋಟಿನ ಜೇಬಿನಲ್ಲಿಯೇ ಇದ್ದವು. ತುಂಡುಗಳನ್ನು ಕೂಡಿಸಿ, ಅಂಟು ಬಳಿದು, ಪಟ್ಟಿ ಸುತ್ತಿ, ಮತ್ತೆ ಅಂಟು ಬಳಿದೆ. ಒಣಗಿದ ಮೇಲೆ ನೋಡಿದರೆ ಪೊರ್ಬುಗಳ ಪ್ಲಾಸ್ಟರಿಗಿಂತ ಗಟ್ಟಿ! ನನ್ನ ಕೆಲಸಕ್ಕೆ ನಾನೇ ಮೆಚ್ಚಿ ತಲೆದೂಗಿದೆ.

ಮೂರು ಗಂಟೆಗೆ ಇಗರ್ಜಿಯಲ್ಲಿದ್ದೆ. ಚಿಕ್ಕದು, ಹಳೆಯದು, ತಣ್ಣಗಿತ್ತು. ಮುದುಕ ಪಾದ್ರಿಗಳು ಬಾಗಿಲಲ್ಲೇ ಕಾದಿದ್ದರು. ಬತ್ತಿಯನ್ನು ನೋಡಿ ಅವರಿಗೆ ಬೇಸರವೇನೂ ಆಗಲಿಲ್ಲ. ಮಾತೆಯ ಮೂರ್ತಿಯ ಮುಂದೆ ಸಣ್ಣ ಬತ್ತಿಗಳ ಸಾಲಿನ ನಡುವೆ ಅದನ್ನು ಮರಳಿನ ಕುಂಡದಲ್ಲಿ ನೆಟ್ಟು, ನನ್ನ ಕೈಯಿಂದಲೇ ಹಚ್ಚಿಸಿದರು. ಜ್ವಾಲೆ ಎತ್ತರದಲ್ಲಿ ನೆಟ್ಟಗೆ ನಿಂತಿತು. ನಾನು ಕೈಮುಗಿದು ಕಣ್ಣು ಮುಚ್ಚಿದೆ. ಹರಕೆ ಮುಟ್ಟಿತು, ಇನ್ನು ಚಿಂತೆಯಿಲ್ಲ!

ಏನೋ ಸುಟ್ಟ ವಾಸನೆ ಬಂತು.

ಕಣ್ಣು ಬಿಟ್ಟರೆ ಪೊರ್ಬುಗಳ ಮೊಣಕಾಲು ಧಗಧಗ ಉರಿಯುತ್ತಿದೆ! ಕೆಳಗಿನ ಸಣ್ಣ ಬತ್ತಿಗಳ ಜ್ವಾಲೆ ನೇರವಾಗಿ ನನ್ನ ಬಟ್ಟೆಯ ಪಟ್ಟಿಗೆ ತಾಗಿತ್ತು. ಅಂಟು ಅಂಥಿಂಥ ಅಂಟಲ್ಲ, ಫ್ರಾನ್ಸಿನ ಅಂಟು. ಕಪ್ಪು ಹೊಗೆ ಮಾತೆಯ ಮೂರ್ತಿಯ ಕಡೆಗೆ ಏರತೊಡಗಿತು. ನಾನು ಊದಿದೆ. ಊದಿದಷ್ಟೂ ಹೆಚ್ಚಾಯಿತು. ಮೇಲೊಂದು ಬೆಂಕಿ, ನಡುವೊಂದು ಬೆಂಕಿ! ಪಾದ್ರಿಗಳು ಆ ಪ್ರಾಯದಲ್ಲೂ ಚುರುಕಾಗಿ ಹೂದಾನಿಯ ಹೂಗಳನ್ನು ಎತ್ತಿ ಬದಿಗಿಟ್ಟು, ಅದರ ನೀರನ್ನು ಪೂರ್ತಿ ಸುರಿದರು. ಅರ್ಧ ಬತ್ತಿಗೆ, ಅರ್ಧ ನನಗೆ.

ಅವರ ಫ್ರೆಂಚ್ ನನಗೆ ತಿಳಿಯದು, ನನ್ನ ಇಂಗ್ಲಿಷ್ ಅವರಿಗೆ ತಿಳಿಯದು. ಅಂಥ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಮನೆಮಾತೇ. "ತಪ್ಪಾಂಡ್ ಸ್ವಾಮೀ, ತಪ್ಪಾಂಡ್" ಎಂದು ತುಳುವಿನಲ್ಲಿ ಕ್ಷಮೆ ಕೇಳಿದೆ. ನನ್ನ ಮುಖ ನೋಡಿಯೇ ಅವರಿಗೆ ಎಲ್ಲ ಅರ್ಥವಾಗಿರಬೇಕು. ಬಿದ್ದಿದ್ದ ಎರಡು ತುಂಡುಗಳನ್ನು ತಮ್ಮ ಬಟ್ಟೆಯಿಂದ ಒರೆಸಿ, ಅಕ್ಕಪಕ್ಕದಲ್ಲಿ ನೆಟ್ಟು, ಎರಡನ್ನೂ ಹಚ್ಚಿ, ನನ್ನ ಒದ್ದೆ ತಲೆಯ ಮೇಲೆ ಕೈಯಿಟ್ಟರು. ಒಂದು ಕಾಲು ಎರಡು ಅರ್ಧ ಕಾಲಾಗಿ ಉರಿಯಿತು. ಹರಕೆಯ ಲೆಕ್ಕದಲ್ಲಿ ಇದು ಸಲ್ಲುತ್ತದೆಯೇ ಇಲ್ಲವೇ ಎಂದು ಕೇಳಲು ನನಗೆ ಭಾಷೆಯಿರಲಿಲ್ಲ.

ಊರಿಗೆ ಮರಳುವ ದಾರಿಯುದ್ದಕ್ಕೂ ನನಗೆ ಸರಿಯಾಗಿ ಊಟ ಸೇರಲಿಲ್ಲ. ಮನೆಯಲ್ಲಿ ಫೋನಿರಲಿಲ್ಲ, ಪ್ಲಾಸ್ಟರ್ ಬಿಚ್ಚಿದ್ದು ಏನಾಯಿತೆಂದು ತಿಳಿಯುವ ಹಾಗಿಲ್ಲ. ಮುಂಬೈ ಬಸ್ಸು ಉಡುಪಿ ದಾಟುವಾಗ, ಇಲ್ಲಿಯೇ ಇಳಿದು ಎಲ್ಲಾದರೂ ತಲೆಮರೆಸಿಕೊಳ್ಳಲೇ ಎಂದೂ ಯೋಚಿಸಿದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಕಾಪುವಿನಲ್ಲಿ ಇಳಿದು ಮನೆಯ ಓಣಿಗೆ ತಿರುಗಿದೆ. ಪೊರ್ಬುಗಳ ಜಗಲಿ ಕಂಡಿತು. ಕುರ್ಚಿ ಇರಲಿಲ್ಲ. ಸ್ಟೂಲೂ ಇರಲಿಲ್ಲ. ಪೊರ್ಬುಗಳಂತೂ ಇರಲೇ ಇಲ್ಲ.

ಆಸ್ಪತ್ರೆಗೆ ಸೇರಿಸಿದ್ದಾರೆ. ರಾಡ್! ನಮ್ಮ ಗೇಟಿನ ಬಳಿ ಸೂಟ್‌ಕೇಸಿನ ಮೇಲೆಯೇ ಕೂತುಬಿಟ್ಟೆ.

"ಓ, ಬಂದಿರಾ?" ಎಂದು ಶಾರದೆ ಹೊರಗೆ ಬಂದಳು. "ಎಂತ, ಗೇಟಿನ ಹತ್ತಿರವೇ ಕೂತದ್ದು?"

"ಪೊರ್ಬುಗಳು ಎಲ್ಲಿ?" ಎಂದೆ.

ಅವಳು ಉತ್ತರ ಕೊಡುವ ಮೊದಲೇ ಆಚೆ ಮನೆಯ ಬಾಗಿಲು ತೆರೆಯಿತು. ಪೊರ್ಬುಗಳು ಒಂದು ಬೆತ್ತ ಊರಿಕೊಂಡು ಮೆಟ್ಟಿಲಿಳಿದರು. ಬಾಯಮ್ಮ ಪಕ್ಕದಲ್ಲಿದ್ದರೂ ಹಿಡಿದುಕೊಂಡಿರಲಿಲ್ಲ. ಅವರ ಮೆಟ್ಟಿಲಿನಿಂದ ನಮ್ಮ ಗೇಟಿಗೆ ಇಪ್ಪತ್ತೆರಡು ಹೆಜ್ಜೆ. ಒಂದೊಂದನ್ನೂ ನಾನು ಉಸಿರು ಹಿಡಿದು ಎಣಿಸಿದೆ. ಕೊನೆಯ ಹೆಜ್ಜೆಗೆ ನಾನು ಅವರನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೆ. ನಾಚಿಕೆಯಾಗಲಿಲ್ಲ. ಎರಡು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರವೆಲ್ಲ ಇಳಿದುಹೋಯಿತು.

"ಎಂತ ರಾಯರೇ ಇದು? ಬಿದ್ದದ್ದು ನಾನಲ್ವಾ? ನೀವು ಎಂತಕ್ಕೆ ಅಳುವುದು?" ಎಂದರು ಪೊರ್ಬುಗಳು.

ಎಲ್ಲವನ್ನೂ ಒಪ್ಪಿಕೊಂಡೆ. ಬಾಗಿದ್ದು, ಪ್ಯಾಂಟಿನೊಳಗೆ ಇಳಿಸಿದ್ದು, ಮುರಿದದ್ದು, ಅಂಟಿಸಿದ್ದು, ಬೆಂಕಿ, ಹೂದಾನಿ, ಎರಡು ತುಂಡು. "ಸಾಯ್ಬಾ ಭೊ‌ಗೊಸ್!" ಎಂದು ಕೊಂಕಣಿಯಲ್ಲಿ ದೇವರ ಕ್ಷಮೆ ಬೇಡಿ ಬಾಯಮ್ಮ ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ಅವರೂ ಶಾರದೆಯೂ ಒಬ್ಬರ ಮುಖ ಒಬ್ಬರು ನೋಡಿದರು.

"ಹೇಳುವನಾ ಬಾಯಮ್ಮ?" ಎಂದಳು ಶಾರದೆ.

"ಹೇಳುವ. ಪಾಪ, ಎಷ್ಟು ಸೊರಗಿದ್ದಾರೆ ನೋಡಿ." ಬಾಯಮ್ಮ ನನ್ನ ಕಡೆ ತಿರುಗಿದರು. "ರಾಯರೇ, ನೀವು ಹೋದ ಮರುದಿನವೇ ನಾನೂ ಶಾರದಕ್ಕನೂ ಇನ್ನೊಂದು ಬತ್ತಿ ಮಾಡಿಸಿ ಕಾರ್ಕಳಕ್ಕೆ ಹೋಗಿ ಉರಿಸಿ ಬಂದೆವು. ಹರಕೆ ಹೇಳಿಕೊಂಡದ್ದು ಅಲ್ಲಿಗೆ ಅಲ್ವಾ? ಬೇರೆ ಇಗರ್ಜಿಯಲ್ಲಿ ಉರಿಸಿದರೆ ತೀರ್ತದಾ?"

ಕಟೀಲು ದೇವಿಗೆ ಹೇಳಿಕೊಂಡ ಹರಕೆಯನ್ನು ಕೊಲ್ಲೂರಿನಲ್ಲಿ ತೀರಿಸಲಿಕ್ಕಾಗುತ್ತದೆಯೇ ಎಂದು ನಾನೇ ಎಷ್ಟು ಜನರಿಗೆ ಬುದ್ಧಿ ಹೇಳಿದವನು!

"ಮತ್ತೆ ನನ್ನ ಹತ್ತಿರ ಎಂತಕ್ಕೆ ಕೊಟ್ಟದ್ದು ಬಾಯಮ್ಮ?"

"ನೀವು ಟೇಪು ಹಿಡಿದುಕೊಂಡು ಅಷ್ಟು ಖುಷಿಯಲ್ಲಿ ಅಳೀತಾ ಇದ್ದಿರಿ. ಬೇಡ ಹೇಳಲಿಕ್ಕೆ ಮನಸ್ಸು ಬರಲಿಲ್ಲ."

ಪೊರ್ಬುಗಳು ಬೆತ್ತದಿಂದ ತಮ್ಮ ಬಲಗಾಲನ್ನು ತಟ್ಟಿ ಕೇಳಿದರು: "ಹಾಗಾದರೆ ಫ್ರಾನ್ಸಿನಲ್ಲಿ ಉರಿದದ್ದು ಯಾರ ಕಾಲು?"

"ಇವರದ್ದೇ ಇರಬೇಕು" ಎಂದಳು ಶಾರದೆ. "ಇಲ್ಲದಿದ್ದರೆ ಅಷ್ಟು ಮಂಗಾಟ ಮಾಡಿ ಒಂದೂ ಮುರಿಯದೆ ಬರ್ಲಿಕ್ಕುಂಟಾ?"

ಮೂವರೂ ನಕ್ಕರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಾನು ಮುಂಬೈ ತಲುಪಿ ಬಾಗಿದ ಬತ್ತಿಯನ್ನು ನೋಡಿ ಮೊದಲ ಸಲ ಎದೆ ಹಿಡಿದುಕೊಳ್ಳುವ ಹೊತ್ತಿಗೆ ಇಲ್ಲಿ ಎಲ್ಲವೂ ಸಾಂಗವಾಗಿ ಮುಗಿದಿತ್ತು. ಪೊರ್ಬುಗಳ ಕಾಲು ಒಂದು ಕ್ಷಣವೂ ನನ್ನ ಕೈಯಲ್ಲಿ ಇರಲೇ ಇಲ್ಲ! ಇಬ್ಬರು ಹೆಂಗಸರು ಸೇರಿ ಈ ಮನುಷ್ಯನಿಂದ ಆಗುವ ಕೆಲಸ ಅಲ್ಲವೆಂದು ತೀರ್ಮಾನಿಸಿದ್ದರಿಂದ ಒಂದು ಕಾಲು ಉಳಿಯಿತು. ನನ್ನನ್ನು ಯಾರೂ ನಂಬಿರಲಿಲ್ಲ ಎಂಬ ಸುದ್ದಿ ಕೇಳಿ ನನಗೆ ಅಷ್ಟು ಹಾಯೆನಿಸಿದ್ದು ಅದೇ ಮೊದಲು. ಎರಡು ಲೋಟ ಕಾಫಿ ಕುಡಿದು, ಮಧ್ಯಾಹ್ನದವರೆಗೆ ಗೊರಕೆ ಹೊಡೆದೆ.